ಡಬ್ಬಿಯೊಳಗಿನ ಒದ್ದೆ ಬಟ್ಟೆ

ಅಣಬೆ ಬೆಳೆಯುವ ಆ ಶೆಡ್ಡಿನಲ್ಲಿ ಒಂಬತ್ತು ಕೋಣೆಗಳಿದ್ದವು, ಒಂಬತ್ತರಲ್ಲಿ ಒಂದಕ್ಕೂ ಕಿಟಕಿ ಇರಲಿಲ್ಲ. ಪ್ರತಿ ಬಾಗಿಲ ಪಕ್ಕ ಒಂದು ಬಕೆಟ್ಟು, ಅದರಲ್ಲಿ ಮೂಗು ಉರಿಯುವಷ್ಟು ಬ್ಲೀಚಿಂಗ್ ಪುಡಿ ಕಲಸಿದ ನೀರು. ಒಳಗೆ ಹೋಗುವವರು ಯಾರೇ ಆಗಲಿ, ಕೈ, ಚಾಕು, ಕೈಗವಸು ಎಲ್ಲವನ್ನೂ ಅದರಲ್ಲಿ ಅದ್ದಿಕೊಂಡೇ ಕಾಲಿಡಬೇಕು. ಒಮ್ಮೆ ಯಜಮಾನರೇ ಫೋನಿನಲ್ಲಿ ಮಾತಾಡುತ್ತ ಮರೆತು ನುಗ್ಗಿಬಿಟ್ಟಿದ್ದರು. ಅಕ್ಕ ಅವರನ್ನು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು, ಅವರೂ ಬೈಸಿಕೊಂಡ ಮಗುವಿನ ಹಾಗೆ ಹೋಗಿ ಕೈ ಅದ್ದಿ ಬಂದಿದ್ದರು. ಆ ಕಥೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳಲಾಗುತ್ತಿತ್ತು.

ಅಕ್ಕನ ಸೊಂಟದ ಚೀಲದಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದನ್ನು ಬಕೆಟ್ಟಿಗೆ ಅದ್ದು ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ.

ಅವಳಿಗೆ ಅಕ್ಕ ಎನ್ನುವವರಲ್ಲಿ ಒಡಹುಟ್ಟಿದವಳು ಒಬ್ಬಳೇ. ಆದರೆ ಉಳಿದ ಇಪ್ಪತ್ತೆರಡು ಜನವೂ ಹಾಗೇ ಕರೆಯುತ್ತಿದ್ದರು. ಪ್ಯಾಕಿಂಗ್ ಕೋಣೆಯಲ್ಲಿ ತೂಕ ಮಾಡುವವನಿಗೆ ಎಲ್ಲರೂ ತಕ್ಕಡಿ ಎಂದು ಹೆಸರಿಟ್ಟಿದ್ದರು, ಅವನು ಅವಳಿಗಿಂತ ಎರಡು ವರ್ಷ ದೊಡ್ಡವನು. ಅವನೂ ಅಕ್ಕ ಎಂದೇ ಅನ್ನುತ್ತಿದ್ದ. ಇಪ್ಪತ್ತಾರು ವರ್ಷದಿಂದ ಅಣಬೆ ಕೀಳುತ್ತಿದ್ದ ಅವಳು ತುಂಬುವಷ್ಟು ಬೆಳ್ಳಗಿನ ಅಣಬೆಯನ್ನು ಬೇರೆ ಯಾವ ಕೈಯೂ ಪೆಟ್ಟಿಗೆಗೆ ತುಂಬುತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ತುಸು ತಿರುವಿದರೆ ಸಾಕು, ಮಣ್ಣು ಅಲುಗದೆ ಅಣಬೆ ಕೈಗೆ ಬರುತ್ತಿತ್ತು. ಮಿಕ್ಕವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಕ್ಕ ಡಬ್ಬಿಯಿಂದ ಬಟ್ಟೆ ತೆಗೆದು, ಕಿತ್ತ ಅಣಬೆಯನ್ನೂ ಅದರ ಪಕ್ಕದಲ್ಲಿ ಇನ್ನೂ ಬೆಳೆಯುತ್ತಿರುವ ಎರಡು ಮೂರನ್ನೂ ಕೂಸಿನ ನೆತ್ತಿ ಒರೆಸುವ ಹಾಗೆ ಒರೆಸುತ್ತಿದ್ದಳು.

ಈ ಒರೆಸುವುದನ್ನು ಕಲಿಸಿದ್ದು ಅವಳ ಅಮ್ಮ. ಶೆಡ್ಡಿನಲ್ಲಿ ಮೂರೇ ಕೋಣೆ ಇದ್ದ ಕಾಲಕ್ಕೆ ಅಮ್ಮ ಅಲ್ಲಿ ಕೆಲಸ ಮಾಡುತ್ತಿದ್ದಳು. ಒಣ ಬಟ್ಟೆ ಅಣಬೆಯ ಸಿಪ್ಪೆ ಗೀರುತ್ತದೆ, ಬ್ಲೀಚಿಂಗ್ ನೀರು ಬಟ್ಟೆಯನ್ನು ತಿಂದು ಹಾಕುತ್ತದೆ, ಅದಕ್ಕೇ ಬಟ್ಟೆಯನ್ನು ಬರೀ ನೀರಿನಲ್ಲಿ ಹಿಂಡಿ, ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಡಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅಮ್ಮ ಸತ್ತು ಹದಿನೆಂಟು ವರ್ಷವಾಗಿತ್ತು. ಡಬ್ಬಿ ಅಮ್ಮನದೇ, ಬಟ್ಟೆ ಅಮ್ಮನ ಹಳೆಯ ಮಲ್ ಸೀರೆಯ ತುಂಡು. ಯಜಮಾನರು ಇದನ್ನೆಲ್ಲ ಕೇಳಿ ಖುಷಿಯಾಗಿ ಒಬ್ಬ ಫೋಟೋದವನನ್ನು ಕರೆಸಿದ್ದರು. ಅಂದಿನಿಂದ ಶೆಡ್ಡಿನಿಂದ ಹೊರಹೋಗುವ ಪ್ರತಿ ಪೆಟ್ಟಿಗೆಯ ಮುಚ್ಚಳದ ಮೇಲೂ ಅಕ್ಕನ ಕೈ, ಬಟ್ಟೆ, ಬಟ್ಟೆಯ ಕೆಳಗೊಂದು ದುಂಡನೆಯ ಅಣಬೆ. ಮುಖ ಇರಲಿಲ್ಲ. ಆದರೂ ಅಂಗಡಿಗೆ ಹೋದಾಗಲೆಲ್ಲ ಅಕ್ಕ ಬೇಕೆಂದೇ ತರಕಾರಿಯ ಸಾಲಿನ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಅದನ್ನು ಜಂಬ ಎಂದರೆ ಜಂಬ. ಅವಳಿಗೆ ಜಂಬ ಪಡಲು ಬೇರೆ ಏನೂ ಇರಲಿಲ್ಲ.

ತಂಗಿಗೆ ಶೆಡ್ಡಿನಲ್ಲಿ ಮಳೆ ಎಂದು ಹೆಸರು. ಒಂಬತ್ತು ಕೋಣೆಗೂ ನೀರು ಹಾಕುವವಳು ಅವಳೇ. ಆಕಾಶವೇ ಇಲ್ಲದ ಕೋಣೆಗಳಲ್ಲಿ ದಿನಾ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಸಣ್ಣನೆಯ ಜಡಿಮಳೆ ಹಿಡಿಸುವವಳು. ಪೈಪಿನ ಮೂತಿಯ ತೂತುಗಳನ್ನು ವಾರಕ್ಕೊಮ್ಮೆ ಸೂಜಿ ಹಾಕಿ ಕ್ಲೀನ್ ಮಾಡುತ್ತಿದ್ದಳು, ಹನಿ ದಪ್ಪವಾದರೆ ಅಣಬೆಗೆ ಪೆಟ್ಟು ಎಂದು. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಹೋದಮೇಲೆ ಅವಳ ಮದುವೆ ಮಾಡಿಸಿದ್ದು ಅಕ್ಕ, ಕೆಲಸ ಕೊಡಿಸಿದ್ದು ಅಕ್ಕ. ಇದನ್ನು ಅಕ್ಕ ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಆಗಾಗ ಹೇಳುತ್ತಿದ್ದಳು.

ಆ ತಂಗಿ ಒಂದೇ ಒಂದು ಸಲ, ಎರಡು ವರ್ಷದ ಹಿಂದೆ, ಊಟದ ಹೊತ್ತಿನಲ್ಲಿ ಡಬ್ಬಿಯ ಮಾತೆತ್ತಿದ್ದಳು.

"ಅಕ್ಕ, ಅದನ್ನೂ ಒಂದು ಸಲ ಬಕೆಟ್ಟಿಗೆ ಅದ್ದಬಾರದಾ? ನನ್ನ ಪೈಪನ್ನೂ ಅದ್ದಿಸ್ತೀಯ, ಎಲ್ಲರದೂ ಅದ್ದಿಸ್ತೀಯ."

"ಅಮ್ಮನ ಸೀರೆ ಅದು," ಎಂದಿದ್ದಳು ಅಕ್ಕ. "ನಿನಗೆ ನೆನಪಿರಲ್ಲ ಬಿಡು. ನೀನು ಚಿಕ್ಕವಳು."

ತಂಗಿ ತಟ್ಟೆ ತೊಳೆಯಲು ಎದ್ದು ಹೋದಳು.

ಮೊದಲ ಕಲೆ ಕಾಣಿಸಿಕೊಂಡಿದ್ದು ಐದನೇ ಕೋಣೆಯಲ್ಲಿ, ಒಂದರ ಮೇಲೊಂದರಂತೆ ಅಣಬೆ ಬೆಳೆಸುವ ಅಟ್ಟಗಳ ಪೈಕಿ ಎಲ್ಲಕ್ಕಿಂತ ಮೇಲಿನದರಲ್ಲಿ. ಅಣಬೆಯ ನೆತ್ತಿಯ ಮೇಲೆ ಉಗುರಿನಷ್ಟಗಲ ತೆಳು ಹಳದಿ, ಚಹಾದ ಹನಿ ಬಿದ್ದು ಒಣಗಿದ ಹಾಗೆ. ಅಕ್ಕ ಬೆರಳಿನಿಂದ ಮುಟ್ಟಿ ನೋಡಿದಳು, ಲೋಳೆಯಾಗಿತ್ತು. ನೀರಿನ ಕಲೆ ಇರಬೇಕು ಎಂದುಕೊಂಡಳು. ಬಟ್ಟೆಯಿಂದ ಒರೆಸಿದಳು. ಹೋಯಿತು. ಅಣಬೆ ಮತ್ತೆ ಬೆಳ್ಳಗಾಯಿತು, ಅವಳಿಗೆ ಸಮಾಧಾನವಾಯಿತು. ಮರುದಿನ ಹತ್ತು ಕಂಡವು, ಹತ್ತನ್ನೂ ಒರೆಸಿದಳು. ನಾಲ್ಕು ದಿನ ಹೀಗೆ ಯಾರಿಗೂ ಹೇಳದೆ ಒರೆಸಿದಳು. ತನ್ನ ಕೈಯಲ್ಲಿ ಕಲೆಯ ಅಣಬೆ ಬರುತ್ತಿದೆ ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಐದನೇ ದಿನ ಒರೆಸಿದರೂ ಹೋಗಲಿಲ್ಲ. ಹಳದಿ ಕಂದಾಗಿತ್ತು, ಕಂದು ಒಳಕ್ಕೆ ಕುಸಿದು ಹೊಂಡವಾಗಿತ್ತು. ಎರಡು, ಆರು, ಏಳು, ಎಂಟನೇ ಕೋಣೆಗಳಲ್ಲೂ ಅದೇ ಪಾಡು. ಪೇಟೆಗೆ ಹೋದ ಒಂದು ಗಾಡಿ ಮಾಲು ಇಡಿಯಾಗಿ ವಾಪಸ್ ಬಂತು. ಪೆಟ್ಟಿಗೆ ತೆರೆದರೆ ಹುಳಿತ ವಾಸನೆ, ಮುಚ್ಚಳದ ಮೇಲೆ ಅಕ್ಕನ ಕೈ.

ಯಜಮಾನರು ಮರುದಿನ ಏಳು ಗಂಟೆಗೆ ಎಲ್ಲರನ್ನೂ ಪ್ಯಾಕಿಂಗ್ ಕೋಣೆಯಲ್ಲಿ ಸೇರಿಸಿದರು. ಕೆಟ್ಟ ಮನುಷ್ಯನಲ್ಲ, ಆದರೆ ಹೆದರಿದ ಮನುಷ್ಯ. ಹೆದರಿದವರಿಗೆ ಬೇಗ ಒಂದು ಹೆಸರು ಬೇಕಾಗುತ್ತದೆ.

"ಇದು ಬ್ಯಾಕ್ಟೀರಿಯಾದ ರೋಗ ಅಂತೆ. ತಲೆ ಮೇಲೆ ನೀರು ಆರದೆ ನಿಂತರೆ ಬರುತ್ತಂತೆ," ಎಂದರು. "ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಬೇಕು. ಇಲ್ಲದಿದ್ರೆ ಐದು ಕೋಣೆ ಮುಚ್ಚಿ ಅರ್ಧ ಜನಾನ ಮನೆಗೆ ಕಳಿಸಬೇಕಾಗುತ್ತೆ."

ಎಲ್ಲರೂ ಅಕ್ಕನ ಮುಖ ನೋಡಿದರು, ಏಕೆಂದರೆ ಅಂಥ ಹೊತ್ತಿನಲ್ಲಿ ನೋಡುವುದು ಅವಳ ಮುಖವನ್ನೇ. ಅಕ್ಕನಿಗೆ ಆ ಕ್ಷಣದಲ್ಲಿ ನೆನಪಾದದ್ದು ಒಂದೇ. ಹಿಂದಿನ ವಾರ ಐದನೇ ಕೋಣೆಗೆ ಹೋದಾಗ ಅಣಬೆಗಳ ಮೇಲೆ ನೀರು ಮಿನುಗುತ್ತಿತ್ತು, ಫ್ಯಾನ್ ನಿಂತಿತ್ತು. ನೀರು ಹಾಕಿದ ಮೇಲೆ ಎರಡು ಗಂಟೆ ಫ್ಯಾನ್ ಓಡಲೇಬೇಕು, ಅದು ಆ ಶೆಡ್ಡಿನ ಕಟ್ಟಳೆ. ಅವಳಿಗೆ ತಾನು ಒರೆಸಿದ ನಾಲ್ಕು ದಿನ ನೆನಪಾಗಲಿಲ್ಲ ಎನ್ನಲಾಗದು. ನೆನಪಾಯಿತು, ಅದಕ್ಕೇ ಅವಳು ಅಷ್ಟು ಬೇಗ ಬಾಯಿ ತೆರೆದದ್ದು.

"ನೀರಿನ ಕೆಲಸದಲ್ಲೇ ತಪ್ಪಾಗಿರೋದು," ಎಂದಳು. "ಫ್ಯಾನ್ ನಿಂತಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ನನ್ನ ತಂಗಿ ಅಂತ ನಾನು ಮುಚ್ಚಿಡಲ್ಲ."

ತಕ್ಕಡಿ ತಲೆ ತಗ್ಗಿಸಿದ. ಅಣಬೆ ಕೀಳುವವರಲ್ಲಿ ರೇಡಿಯೋ ಎಂದು ಒಬ್ಬಳಿದ್ದಳು, ಇಲ್ಲಿ ಕೇಳಿದ್ದನ್ನು ಇಡೀ ಊರಿಗೆ ಬಿತ್ತರಿಸುವವಳು. ಅವಳೂ ಬಾಯಿಗೆ ಬೀಗ ಹಾಕಿಕೊಂಡು ನಿಂತಳು.

"ಹೌದೇನಮ್ಮ?" ಎಂದರು ಯಜಮಾನರು ತಂಗಿಯ ಕಡೆ ತಿರುಗಿ. "ಫ್ಯಾನ್ ನಿಲ್ಲಿಸಿದ್ದೆಯಾ?"

"ನಿಲ್ಲಿಸಿದ್ದೆ."

"ಯಾಕೆ?"

ತಂಗಿ ಅಕ್ಕನನ್ನು ನೋಡಿದಳು. ಆಮೇಲೆ ಅವಳ ದೃಷ್ಟಿ ಅಕ್ಕನ ಸೊಂಟದ ಚೀಲಕ್ಕೆ ಇಳಿಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಕ್ಕ ತನಗೇ ಗೊತ್ತಿಲ್ಲದೆ ಚೀಲದ ಮೇಲೆ ಕೈ ಇಟ್ಟಳು.

"ನಿಲ್ಲಿಸಿದ್ದೆ, ಅಷ್ಟೇ," ಎಂದಳು ತಂಗಿ.

ಅಂದೇ ಮಧ್ಯಾಹ್ನ ಅವಳನ್ನು ಕೆಲಸದಿಂದ ತೆಗೆದರು. ಹೋಗುವಾಗ ಪೈಪಿನ ಮೂತಿಯನ್ನು ಬಿಚ್ಚಿ, ಒರೆಸಿ, ಸೂಜಿಯ ಸಮೇತ ಅಕ್ಕನ ಕೈಗೆ ಕೊಟ್ಟಳು. ಬೈಯಲಿಲ್ಲ, ಅಳಲಿಲ್ಲ. ಅತ್ತಿದ್ದರೆ ಅಕ್ಕ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎರಡಕ್ಕೂ ಅವಳು ಜಾಗ ಕೊಡಲಿಲ್ಲ. ಆ ಊರಿನಲ್ಲಿ ಇನ್ನೂ ಎರಡು ಅಣಬೆ ಶೆಡ್ಡುಗಳಿದ್ದವು. ರೋಗ ತಂದವಳು ಎಂಬ ಮಾತು ಅವಳಿಗಿಂತ ಮೊದಲೇ ಆ ಎರಡೂ ಬಾಗಿಲಿಗೆ ಹೋಗಿ ಕೂತಿತ್ತು. ಕೊನೆಗೆ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುವುದು ನಿಂತಿತು. ಅಕ್ಕ ಎರಡು ಭಾನುವಾರ ಇಬ್ಬರಿಗೆ ಅಡುಗೆ ಮಾಡಿ, ಮೂರನೇ ಭಾನುವಾರದಿಂದ ಒಬ್ಬಳಿಗೆ ಮಾಡಿಕೊಂಡಳು.

ಶೆಡ್ಡಿನಲ್ಲಿ ಮಾತ್ರ ಅವಳ ಹೆಸರು ಇನ್ನೂ ಒಂದು ಅಟ್ಟ ಮೇಲೇರಿತು. ಸ್ವಂತ ತಂಗಿಯನ್ನೂ ಬಿಡಲಿಲ್ಲ, ನ್ಯಾಯ ಅಂದರೆ ನ್ಯಾಯ ಎಂದು ಜನ ಮಾತಾಡಿಕೊಂಡರು. ಅಕ್ಕನಿಗೆ ಅದು ಕೇಳಲು ಹಿತವಾಗಿಯೇ ಇತ್ತು. ಮನೆಗೆ ಬಂದು ಚಪ್ಪಲಿ ಬಿಡುವ ತನಕ.

ಮಳೆ ಹೋದರೂ ರೋಗ ಹೋಗಲಿಲ್ಲ. ನೀರು ಹಾಕಲು ಹೊಸಬ ಬಂದ, ಫ್ಯಾನುಗಳು ಎರಡು ಗಂಟೆಯ ಬದಲು ಮೂರು ಗಂಟೆ ಓಡಿದವು. ಆದರೂ ಅದೇ ಐದು ಕೋಣೆಗಳಲ್ಲಿ ಅದೇ ಕಂದು ಹೊಂಡಗಳು. ಯಜಮಾನರು ಕೊನೆಗೆ ಪಟ್ಟಣದ ಲ್ಯಾಬಿನಿಂದ ಒಬ್ಬಳನ್ನು ಕರೆಸಿದರು. ಮೂಗಿನ ತುದಿಗೆ ಜಾರುವ ಕನ್ನಡಕದ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲರೂ ಮೇಡಂ ಎನ್ನತೊಡಗಿದರು. ಬಾಗಿಲ ಬಕೆಟ್ಟಿಗೆ ಕೈ ಅದ್ದುವಾಗ ಮೊಣಕೈ ತನಕ ಅದ್ದಿದಳು. ಅಕ್ಕನಿಗೆ ಅವಳು ಆಗಲೇ ಹಿಡಿಸಿದಳು.

"ನಾಲ್ಕನೇ ಕೋಣೆಯಲ್ಲಿ ಯಾಕಿಲ್ಲ?" ಎಂದು ಕೇಳಿದಳು ಮೇಡಂ, ಗೋಡೆಗೆ ಬರೆದ ಕೋಣೆಯ ಪಟ್ಟಿ ನೋಡುತ್ತ. "ಒಂದು, ಮೂರು, ನಾಲ್ಕು, ಒಂಬತ್ತು ಕ್ಲೀನಾಗಿದೆ. ನೀರು ಎಲ್ಲಕ್ಕೂ ಒಂದೇ, ಮಣ್ಣೂ ಒಂದೇ. ಅಲ್ಲಿ ಕೀಳೋರು ಬೇರೆಯವರಾ?"

"ಬೇರೆಯವರು. ಅಲ್ಲಿ ಹೊಸಬರನ್ನ ಹಾಕ್ತೀವಿ," ಎಂದಳು ಅಕ್ಕ. "ಒಳ್ಳೇ ಬೆಳೆ ಬರೋ ಐದು ಕೋಣೆ ನನ್ನವು."

ಹೇಳಿದಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ತನ್ನ ಮೇಲೆ ತನಗೆ ಅಷ್ಟು ನಂಬಿಕೆ ಇದ್ದವರಿಗೆ ಅನ್ನಿಸುವುದೂ ಇಲ್ಲ.

ಮೇಡಂ ಹತ್ತಿ ಸುತ್ತಿದ ಕಡ್ಡಿಗಳಿಂದ ಎಲ್ಲವನ್ನೂ ಸವರಿ ಸೀಸೆಗೆ ಹಾಕಿಕೊಂಡಳು. ತೊಟ್ಟಿಯ ನೀರು, ಪೈಪು, ಮೇಲ್ಮಣ್ಣು, ಫ್ಯಾನಿನ ಎಲೆ, ಬಾಗಿಲ ಹಿಡಿ, ಚಾಕುಗಳು. ಹದಿಮೂರು ಸೀಸೆ ಆಯಿತು. ಇನ್ನೇನಾದರೂ ಅಣಬೆಗೆ ತಾಗುವ ವಸ್ತು ಇದೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದು ತಲೆಯಾಡಿಸಿದರು. ಆಗ ಅಕ್ಕ ತಾನಾಗಿಯೇ ಸೊಂಟದಿಂದ ಡಬ್ಬಿ ತೆಗೆದಳು.

"ಇದನ್ನೂ ತಗೊಳ್ಳಿ," ಎಂದಳು. "ರೋಗ ಇಲ್ಲದ್ದು ಹೇಗಿರುತ್ತೆ ಅಂತ ನಿಮಗೂ ಒಂದು ಬೇಕಾಗುತ್ತಲ್ಲ, ಹೋಲಿಸಿ ನೋಡೋಕೆ."

ಮೇಡಂ ಮುಚ್ಚಳ ತೆಗೆದಳು. ಮೂಗು ಹತ್ತಿರ ತಂದು, ಕಡ್ಡಿ ಸವರಿ, ಸೀಸೆಯ ಮೇಲೆ ಹದಿನಾಲ್ಕು ಎಂದು ಬರೆದಳು.

ಎಂಟು ದಿನ ಬಿಟ್ಟು ಮೇಡಂ ಮತ್ತೆ ಬಂದಾಗ ಯಜಮಾನರು ಇನ್ನೂ ಬಂದಿರಲಿಲ್ಲ. ಆಫೀಸಿನ ಮೇಜಿನ ಮೇಲೆ ಅವಳು ಗಾಜಿನ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಅಂಗೈಯಷ್ಟಗಲದ ತಟ್ಟೆಗಳು, ಒಳಗೆ ಗಟ್ಟಿಯಾದ ಗಂಜಿಯ ಹಾಗಿದ್ದ ಪದಾರ್ಥ. ಅಕ್ಕನಿಗೆ ಕುತೂಹಲ. ತಾನು ಕಂಡುಹಿಡಿದ ತಪ್ಪು ಕಣ್ಣಿಗೆ ಹೇಗೆ ಕಾಣುತ್ತದೆ ನೋಡೋಣ ಎಂದು ಎದುರಿಗೆ ಕೂತಳು.

"ನಡುವೆ ಉದ್ದಕ್ಕೆ ಎಳೆದಿರೋದು ನಮ್ಮ ಲ್ಯಾಬಿನ ಬ್ಯಾಕ್ಟೀರಿಯಾ," ಎಂದು ಮೇಡಂ ವಿವರಿಸಿದಳು. "ಅದು ನಮಗೆ ಗುರುತು ಹಿಡಿದು ಕೊಡುತ್ತೆ, ಅಷ್ಟೇ. ಪಕ್ಕದಲ್ಲಿ ನಿಮ್ಮಲ್ಲಿಂದ ತಗೊಂಡು ಹೋಗಿದ್ದನ್ನ ಬೆಳೆಸ್ತೀವಿ. ಅದು ಈ ಕಲೆ ರೋಗದ್ದೇ ಆಗಿದ್ರೆ ಎರಡರ ಮಧ್ಯೆ ಒಂದು ಬಿಳಿ ಗೆರೆ ಬರುತ್ತೆ. ಬೇರೆ ಯಾವುದೋ ಆಗಿದ್ರೆ ಬರಲ್ಲ."

ಮೊದಲ ತಟ್ಟೆಯಲ್ಲಿ ಗೆರೆ ಇರಲಿಲ್ಲ. ನೀರಿನ ತೊಟ್ಟಿ. ಎರಡನೆಯದರಲ್ಲೂ ಇರಲಿಲ್ಲ. ಪೈಪು. ಫ್ಯಾನಿನ ಎಲೆಯಲ್ಲಿ ಇಲ್ಲ, ಹೊಸ ಮೇಲ್ಮಣ್ಣಿನಲ್ಲಿ ಇಲ್ಲ. ಮೇಡಂ ಕೊನೆಯ ತಟ್ಟೆಯನ್ನು ಅಕ್ಕನ ಕಡೆ ಸರಿಸಿದಳು. ಎರಡು ಬೂದುಬಣ್ಣದ ಪಟ್ಟಿಗಳ ನಡುವೆ ಹೊಲಿಗೆ ದಾರ ಎಳೆದಷ್ಟು ನೇರವಾಗಿ, ದಟ್ಟವಾಗಿ, ಅಚ್ಚ ಬಿಳಿಯ ಗೆರೆ.

"ಇದು ಹದಿನಾಲ್ಕು," ಎಂದಳು ಮೇಡಂ, ದನಿ ತಗ್ಗಿಸಿ. "ಈ ಬ್ಯಾಕ್ಟೀರಿಯಾ ಎಲ್ಲಾದರೂ ಇರಬಹುದು, ಮಣ್ಣಲ್ಲೂ ಇರುತ್ತೆ. ಒಂದು ಅಣಬೆಗೆ ಬಂದಿತ್ತು ಅನ್ನಿ. ಅದನ್ನ ಒರೆಸಿ ಅದೇ ಬಟ್ಟೆಯಲ್ಲಿ ಇನ್ನೊಂದನ್ನ ಒರೆಸಿದ್ರೆ, ನಾವೇ ಬಿತ್ತನೆ ಮಾಡಿದ ಹಾಗೆ. ಆಮೇಲೆ ಒದ್ದೆ ಡಬ್ಬಿಯಲ್ಲಿ ಮುಚ್ಚಿಟ್ರೆ ರಾತ್ರಿಯೆಲ್ಲ ಅದು ಬೆಳೀತಾ ಇರುತ್ತೆ."

ಅಕ್ಕ ಮುಳುಗುವವಳ ಹಾಗೆ ಸಿಕ್ಕಿದ್ದನ್ನು ಹಿಡಿದಳು. "ಫ್ಯಾನ್ ನಿಂತಿತ್ತು. ನಾನೇ ನೋಡಿದೀನಿ."

"ಎಷ್ಟು ಹೊತ್ತು?"

ಅಕ್ಕ ಯೋಚಿಸಿದಳು. ಯೋಚಿಸುತ್ತಿದ್ದ ಹಾಗೆ ಇನ್ನೊಂದು ನೆನಪಾಯಿತು. ಅವಳಿಗೆ ಚಳಿಗಾಳಿ ತಾಗಿದರೆ ಕತ್ತು ಹಿಡಿದುಕೊಳ್ಳುತ್ತಿತ್ತು. ಮೇಲಿನ ಅಟ್ಟದ ಎತ್ತರಕ್ಕೆ ಫ್ಯಾನಿನ ಗಾಳಿ ನೇರವಾಗಿ ಕತ್ತಿಗೇ ಬಡಿಯುತ್ತಿತ್ತು. ಅವಳು ಏಣಿ ಹತ್ತಿ ಮೇಲಿನ ಅಟ್ಟದ ಅಣಬೆ ಕಿತ್ತು ಇಳಿಯುವಷ್ಟು ಹೊತ್ತು ಗಾಳಿ ಇರುತ್ತಿರಲಿಲ್ಲ, ಇಳಿದ ಮೇಲೆ ಮತ್ತೆ ಬೀಸುತ್ತಿತ್ತು. ಎಷ್ಟೋ ವರ್ಷದಿಂದ ಹಾಗೇ ಇತ್ತು. ತನ್ನ ಅದೃಷ್ಟಕ್ಕೆ ಹಾಗಾಗುತ್ತದೆ ಎಂದುಕೊಂಡಿದ್ದಳು.

"ಕಾಲು ಗಂಟೆ," ಎಂದಳು.

"ಕಾಲು ಗಂಟೆಗೆ ಏನೂ ಆಗಲ್ಲ," ಎಂದಳು ಮೇಡಂ.

ಆ ಸಂಜೆ ಅಕ್ಕ ಕೆಲಸ ಮುಗಿಸಿ ನೇರವಾಗಿ ಲಾಂಡ್ರಿಗೆ ಹೋದಳು. ಹಬೆ ತುಂಬಿದ ಉದ್ದನೆಯ ಕೋಣೆ, ಸಾಲಾಗಿ ಗುಡುಗುಡು ತಿರುಗುವ ಮಷೀನುಗಳು. ತಂಗಿ ಬಿಸಿ ಬಿಸಿ ಚಾದರಗಳನ್ನು ಮಡಚುತ್ತಿದ್ದಳು. ಅಕ್ಕನನ್ನು ಕಂಡು ಕೈ ನಿಲ್ಲಿಸಲಿಲ್ಲ.

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಮಾತ್ರ, "ಇದರಿಂದಲೇ ಅಂತೆ ಕಣೇ."

"ಗೊತ್ತು."

"ಗೊತ್ತಿತ್ತಾ?"

"ನೀನು ಹೋಗೋ ದಾರೀಲೇ ರೋಗ ಹೋಗ್ತಿತ್ತಲ್ಲ. ಐದು, ಆರು, ಏಳು, ಎಂಟು, ಆಮೇಲೆ ಎರಡು. ನೀರು ಹಾಕೋಳಿಗೆ ಅಷ್ಟೂ ಕಾಣಲ್ವಾ?"

"ಮತ್ತೆ ಆವತ್ತು ಯಾಕೆ ಬಾಯಿ ಬಿಡಲಿಲ್ಲ?"

ತಂಗಿ ಚಾದರದ ಎರಡು ಮೂಲೆ ಕೂಡಿಸಿದಳು. "ಒಂದು ಸಲ ಹೇಳಿದ್ದೆ. ನಿನಗೆ ಅಮ್ಮ ನೆನಪಿಲ್ಲ ಅಂದೆ. ಅಷ್ಟು ಜನರ ಎದುರು ಇನ್ನೊಂದು ಸಲ ಅನ್ನಿಸಿಕೊಳ್ಳೋಕೆ ನನಗೆ ಇಷ್ಟ ಇರಲಿಲ್ಲ. ಮತ್ತೆ, ಫ್ಯಾನ್ ಯಾಕೆ ನಿಂತಿತ್ತು ಅಂತ ನೀನೇ ಹೇಳ್ತೀಯ ಅಂದ್ಕೊಂಡಿದ್ದೆ. ಕಾಯ್ತಾ ನಿಂತಿದ್ದೆ."

ತನಗೆ ಆಗ ಹೊಳೆಯಲೇ ಇಲ್ಲ ಎಂದು ಅಕ್ಕ ಹೇಳಬೇಕೆಂದುಕೊಂಡಳು. ಹೊಳೆಯದೇ ಇದ್ದದ್ದು ಇನ್ನೂ ದೊಡ್ಡ ತಪ್ಪು ಎಂದು ತಿಳಿದು ಸುಮ್ಮನಾದಳು. "ತಪ್ಪಾಯ್ತು ಕಣೇ," ಎಂದಳು. ಹುಟ್ಟಿದಾಗಿನಿಂದ ತಂಗಿಗೆ ಆ ಮಾತನ್ನು ಅವಳು ಹೇಳಿದ್ದು ಅದೇ ಮೊದಲು.

"ನನಗೆ ಹೇಳಿ ಏನು ಬಂತು ಅಕ್ಕ? ನನಗೆ ಗೊತ್ತಿರೋದನ್ನ ನನಗೇ ಹೇಳ್ತೀಯ," ಎಂದಳು ತಂಗಿ. "ಎಲ್ಲಿ ನಿಂತು ಹೇಳಿದ್ದೆಯೋ ಅಲ್ಲೇ ನಿಂತು ಹೇಳು. ಬಟ್ಟೆ ಇಲ್ಲಿ ಇಟ್ಟು ಹೋಗು, ಕುದಿಯೋ ನೀರಿಗೆ ಹಾಕ್ತೀನಿ."

ಮರುದಿನ ಏಳು ಗಂಟೆಗೆ ಅಕ್ಕ ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದಳು. ಯಜಮಾನರೂ ಬಂದು ಬಾಗಿಲಿಗೆ ಒರಗಿ ನಿಂತರು. ಅಕ್ಕನ ಸೊಂಟದ ಚೀಲ ಬರಿದಾಗಿತ್ತು. ನೀಟಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ರೋಗ ಹರಡಿದ್ದು ನನ್ನ ಬಟ್ಟೆಯಿಂದ. ಕಲೆ ಕಂಡು ನಾಲ್ಕು ದಿನ ಮುಚ್ಚಿಟ್ಟವಳು ನಾನು. ನನ್ನ ತಂಗಿ ಫ್ಯಾನ್ ನಿಲ್ಲಿಸುತ್ತಿದ್ದದ್ದು ನನ್ನ ಕತ್ತಿನ ನೋವಿಗೆ. ಅವಳದೇನೂ ತಪ್ಪಿಲ್ಲ.

ಹೇಳಿ ಮುಗಿಸಿ, ಬರಬೇಕಾದ ಮಾತಿಗೆ ಮೈ ಗಟ್ಟಿ ಮಾಡಿಕೊಂಡು ನಿಂತಳು.

ತಕ್ಕಡಿ ಮೂಗು ಎಳೆದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಅಕ್ಕ, ಬಿಡಿ ಅಕ್ಕ," ಎಂದ. "ಎಷ್ಟೂಂತ ನೀವೇ ಹೊತ್ಕೋತೀರ."

"ಒಡಹುಟ್ಟಿದವಳು ನೋಡಿ, ಕರುಳು ಕೇಳಲ್ಲ," ಎಂದಳು ರೇಡಿಯೋ ಪಕ್ಕದವಳಿಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. "ತಂಗಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಿದ್ದಾಳೆ ಪಾಪ."

"ಇಲ್ಲ," ಎಂದಳು ಅಕ್ಕ. "ನಿಜವಾಗ್ಲೂ ನನ್ನದೇ. ಲ್ಯಾಬಲ್ಲಿ ನೋಡಿದಾರೆ, ಹದಿನಾಲ್ಕನೇ ನಂಬರು..."

"ಆಯ್ತು ಅಕ್ಕ, ಆಯ್ತು," ಎಂದರು ಮೂರ್ನಾಲ್ಕು ಜನ, ಜ್ವರ ಬಂದವರನ್ನು ಮಲಗಿಸುವ ದನಿಯಲ್ಲಿ. ಒಬ್ಬಳು ನೀರು ತಂದುಕೊಟ್ಟಳು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತಾರು ವರ್ಷ ತಾನು ಹೇಳಿದ್ದನ್ನೆಲ್ಲ ನಂಬಿದ ಜನ, ಒಂದು ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಜನ, ನಿಜ ಹೇಳಿದ ದಿನ ಒಬ್ಬರೂ ನಂಬಲಿಲ್ಲ. ಅವರ ಕಣ್ಣಲ್ಲಿ ಅವಳು ಇನ್ನೂ ಒಂದು ಗೇಣು ಬೆಳೆದಿದ್ದಳು.

ಯಜಮಾನರು ಅವಳನ್ನು ಆಫೀಸಿಗೆ ಕರೆದರು. ಬಾಗಿಲು ಹಾಕಿ, ಮೇಜಿನ ಮೇಲಿದ್ದ ಲ್ಯಾಬಿನ ಕಾಗದವನ್ನು ಡ್ರಾಯರಿಗೆ ಸೇರಿಸಿದರು.

"ಹದಿನಾಲ್ಕು ಯಾವುದು ಅಂತ ನನಗೂ ಗೊತ್ತು," ಎಂದರು. "ಗೊತ್ತಿದ್ದೂ ನಾನು ಸುಮ್ಮನಿದ್ದೆ, ನೀವು ಯಾಕೆ ಎತ್ತಿದಿರಿ? ಪೆಟ್ಟಿಗೆ ಮೇಲೆ ಇರೋದು ಯಾರ ಕೈ ಅಕ್ಕ? ಈ ಬಟ್ಟೆಯಿಂದ ರೋಗ ಅಂತ ಪೇಟೆಗೆ ಗೊತ್ತಾದ್ರೆ ನಾಳೆಯಿಂದ ಯಾರು ತಗೋತಾರೆ?"

"ಅವಳಿಗೆ ಕೆಲಸ ಹೋಗಿದೆ. ರೋಗ ತಂದವಳು ಅಂತ ಹೆಸರು ಬಂದಿದೆ."

"ಈ ಕೋಣೆಯಲ್ಲಿ ನೀವೂ ನಾನೂ ಮಾತಾಡಿದ್ದು ಇಲ್ಲೇ ಇರಲಿ." ಯಜಮಾನರು ಹಣೆ ಒರೆಸಿಕೊಂಡರು. ಆಮೇಲೆ ದೊಡ್ಡ ಮನಸ್ಸು ಮಾಡಿದವರ ಹಾಗೆ ನಕ್ಕರು. "ಬೇಕಾದ್ರೆ ಅವಳನ್ನ ವಾಪಸ್ ಕರೀರಿ. ತಪ್ಪು ಮಾಡಿದ್ರೂ ಪರವಾಗಿಲ್ಲ, ನಿಮ್ಮ ಮುಖ ನೋಡಿ ತಗೊಂಡೆ ಅಂತ ಎಲ್ಲರಿಗೂ ಹೇಳ್ತೀನಿ. ಸರೀನಾ?"

ಸರಿಯಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಹೊರಗೆ ಹೋಗಿ ಮತ್ತೆ ಕೂಗಿ ಹೇಳಬಹುದಿತ್ತು, ಲ್ಯಾಬಿನ ಮೇಡಂಗೆ ಫೋನ್ ಮಾಡಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ದಣಿದಿದ್ದಳು ಎನ್ನುವುದು ಅರ್ಧ ನಿಜ. ಗೋಡೆಗೆ ಒರಗಿಸಿಟ್ಟ ಹೊಸ ಪೆಟ್ಟಿಗೆಗಳ ಮೇಲೆ ಇನ್ನೂರು ಮುನ್ನೂರು ಸಲ ಅವಳ ಕೈ ಇತ್ತು, ಅದನ್ನು ಅವಳು ನೋಡಿದಳು ಎನ್ನುವುದು ಉಳಿದರ್ಧ. ಕೆಲಸವಾದರೂ ವಾಪಸ್ ಸಿಗಲಿ ಎಂದು ತನಗೆ ತಾನೇ ಹೇಳಿಕೊಂಡು ಹೂಂ ಎಂದು ತಲೆಯಾಡಿಸಿದಳು.

ಭಾನುವಾರ ತಂಗಿಯ ಮನೆಗೆ ಹೋದಳು. ರೇಡಿಯೋ ಅದೇ ಬೀದಿಯವಳು, ಸುದ್ದಿ ಅಕ್ಕನಿಗಿಂತ ಮೂರು ದಿನ ಮೊದಲೇ ತಲುಪಿತ್ತು. ತಂಗಿ ಬಾಗಿಲು ತೆಗೆದಳು, ಕೂರು ಎಂದಳು, ಚಹಾ ಕೊಟ್ಟಳು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಎದುರೂ ಹೇಳಿದೆ, ಯಾರೂ ಒಪ್ಪಲಿಲ್ಲ, ಆದರೆ ಯಜಮಾನರು ಒಪ್ಪಿದ್ದಾರೆ, ಸೋಮವಾರದಿಂದ ಬರಬಹುದಂತೆ ಎಂದಳು.

"ನಿನ್ನ ಮುಖ ನೋಡಿ," ಎಂದಳು ತಂಗಿ.

ಅಕ್ಕ ಉಳಿದ ಚಹಾ ಕುಡಿದು ಲೋಟ ಕೆಳಗಿಟ್ಟಳು.

ತಂಗಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಡಬ್ಬಿ ಇತ್ತು, ಡಬ್ಬಿಯ ಮೇಲೆ ನಾಲ್ಕು ಮಡಿಕೆಯಾಗಿ ಇಸ್ತ್ರಿ ಮಾಡಿದ ಅಮ್ಮನ ಬಟ್ಟೆ. ಕುದಿಸಿ, ಒಣಗಿಸಿ, ಆಸ್ಪತ್ರೆಯ ಬಟ್ಟೆಯಷ್ಟು ಬೆಳ್ಳಗೆ ಮಾಡಿದ್ದಳು. ಎರಡು ಕಡೆ ನೂಲು ಬಿಟ್ಟಿತ್ತು, ಅಷ್ಟೇ.

"ಊರೆಲ್ಲ ನಿನ್ನನ್ನ ಹೊಗಳ್ತಾ ಇದೆ," ಎಂದಳು. "ಆವತ್ತು ನನ್ನ ಮೇಲೆ ತಪ್ಪು ಹೊರಿಸಿದೆ, ನೀನು ನ್ಯಾಯವಂತೆ ಆದೆ. ಈಗ ನಂದು ತಪ್ಪಿಲ್ಲ ಅಂದೆ, ಕರುಳಿರೋಳು ಆದೆ. ನನ್ನ ತಪ್ಪಿಲ್ಲ ಅನ್ನೋದೂ ಕೊನೆಗೆ ನಿನ್ನ ದೊಡ್ಡತನವೇ ಆಯ್ತಲ್ಲ ಅಕ್ಕ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕ ಹುಡುಕಿದಳು, ಸಿಗಲಿಲ್ಲ.

"ಸೋಮವಾರ ನನಗೆ ಲಾಂಡ್ರಿಯಲ್ಲಿ ಬೆಳಗಿನ ಪಾಳಿ," ಎಂದಳು ತಂಗಿ, ಖಾಲಿ ಲೋಟ ತೆಗೆದುಕೊಳ್ಳುತ್ತ. "ನೀನು ಹೊರಡು. ಫ್ಯಾನ್ ಹತ್ತಿರ ನಿಲ್ಲೋವಾಗ ಕತ್ತಿಗೆ ಏನಾದ್ರೂ ಸುತ್ತಿಕೋ, ಈಗ ನಿಲ್ಲಿಸೋರು ಇಲ್ಲ."

ಅಕ್ಕ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಡಬ್ಬಿಯಲ್ಲಿ ಇಡಲು ಹೋಗಿ ಇಡಲಿಲ್ಲ. ಬೀದಿಗೆ ಇಳಿದಾಗ ಗಾಳಿ ಬೀಸುತ್ತಿತ್ತು. ಸ್ವಲ್ಪ ದೂರ ನಡೆದು, ಇಸ್ತ್ರಿಯ ಮಡಿಕೆ ಬಿಡಿಸಿ, ಅಮ್ಮನ ಬಟ್ಟೆಯನ್ನು ಕತ್ತಿಗೆ ಸುತ್ತಿಕೊಂಡಳು. ಅದು ಸಾಲಲಿಲ್ಲ.